ಉಪ್ಪಿನ ನೇಮ

ಕೋಟೆಯ ಸುತ್ತ ದಿನಾ ಬೆಳಿಗ್ಗೆ ನಲವತ್ತು ನಿಮಿಷ ನಡೆಯಬೇಕೆಂದು ಡಾಕ್ಟರರು ಹೇಳಿದ್ದರು. ನೇಮಣ್ಣ ಹದಿನೈದು ನಿಮಿಷ ನಡೆಯುತ್ತಿದ್ದ, ಉಳಿದ ಇಪ್ಪತ್ತೈದು ನಿಮಿಷ ಬಸದಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಕೈಗಡಿಯಾರ ನೋಡುತ್ತಿದ್ದ. ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರನಾಗಿ ಹನ್ನೊಂದು ವರ್ಷ ಬಸ್ಸುಗಳ ಹೊತ್ತು ಬರೆದವನಿಗೆ, ಕೂತಲ್ಲೇ ಹೊತ್ತು ಕಳೆಯುವುದು ಹೇಗೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಕಾಲಲ್ಲಿ ಮಗ ಅರಿಹಂತ ತಂದುಕೊಟ್ಟ ಬಿಳಿ ಕ್ಯಾನ್ವಾಸ್ ಬೂಟು. ಐದು ತಿಂಗಳಾದರೂ ಹೊಸದರ ಹಾಗೇ ಇತ್ತು. ಆದ್ದರಿಂದ ಮನೆಗೆ ತಿರುಗುವ ಮುನ್ನ ಅದನ್ನು ದಾರಿ ಬದಿಯ ಧೂಳಿನಲ್ಲಿ ಎರಡು ಸಲ ಎಳೆದಾಡುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಐವತ್ತನಾಲ್ಕು ವರ್ಷದ ಮನುಷ್ಯ ಇಷ್ಟು ಚಿಕ್ಕ ಸುಳ್ಳಿಗೆ ಇಷ್ಟೊಂದು ತಯಾರಿ ಮಾಡಿಕೊಳ್ಳುವಾಗ ನಾಚಿಕೆಯಾದರೂ ಆಗಬೇಕಿತ್ತು. ಆಗುತ್ತಿರಲಿಲ್ಲ. ನಾಚಿಕೆಯಷ್ಟೇ ಅಲ್ಲ, ಏನೂ ಆಗುತ್ತಿರಲಿಲ್ಲ. ಶ್ರಾವಣದಲ್ಲಿ ಎದೆ ಹಿಡಿದುಕೊಂಡು ದವಾಖಾನೆಯಲ್ಲಿ ಮಲಗಿದ್ದಾಗ, ಹಸಿರು ಪರದೆಯ ಮೇಲೆ ತನ್ನದೇ ಎದೆ ಗೆರೆಗೆರೆಯಾಗಿ ಓಡುವುದನ್ನು ನೋಡುತ್ತ, ಈಗ ಹೆದರಿಕೆ ಬರುತ್ತದೆ, ಈಗ ಬರುತ್ತದೆ ಎಂದು ಅವನು ಕಾದಿದ್ದ. ಡಾಕ್ಟರರು ಬಂದು, ಸಣ್ಣ ಅಟ್ಯಾಕು, ದೇವರು ದೊಡ್ಡವನು ಎಂದಾಗ, ಸಣ್ಣದು ಎಂಬ ಮಾತಿಗೆ ಕೊಂಚ ಅವಮಾನವಾದಂತಾಗಿದ್ದು ಬಿಟ್ಟರೆ ಮತ್ತೇನೂ ಅನಿಸಲಿಲ್ಲ. ಈಗಲೂ ಒಮ್ಮೊಮ್ಮೆ, ಸತ್ತೇ ಹೋಗುತ್ತಿದ್ದೆ ಎಂದು ತನಗೆ ತಾನೇ ಹೇಳಿ ನೋಡುತ್ತಿದ್ದ. ಗೋಕಾಕದ ಬಸ್ಸು ಹೋಯಿತು ಎಂದು ಯಾರೋ ಹೇಳಿದ ಹಾಗಿರುತ್ತಿತ್ತು. ಕಂದಕದ ನೀರಿನ ಮೇಲೆ ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ಬೊಜ್ಜಿನ ಮಾರವಾಡಿಗಳು, ಪೆನ್ಶನ್ನಿನವರು, ಮಫ್ಲರು ಸುತ್ತಿಕೊಂಡ ಹೆಂಗಸರು ಜೀವ ಉಳಿಸಿಕೊಳ್ಳಲು ಕೈ ಬೀಸಿ ಬೀಸಿ ನಡೆಯುತ್ತಿದ್ದರು. ಇವರಿಗೆಲ್ಲ ಇಷ್ಟೊಂದು ಬದುಕುವ ಹಟ ಎಲ್ಲಿಂದ ಬಂತೆಂದು ಅವನು ನೋಡುತ್ತ ಕುಳಿತ.

ಬಸದಿಯಿಂದ ಹೊರಬಂದ ಪಾಯಪ್ಪ, ನಿವೃತ್ತ ಮಾಸ್ತರ, ಮಹಾಂತೇಶ ನಗರದಲ್ಲಿ ಇವನ ಓಣಿಯವನೇ, ಹಣೆಯ ಗಂಧ ಇನ್ನೂ ಒದ್ದೆಯಾಗಿರುವಾಗಲೇ ಹತ್ತಿರ ಬಂದು ನಿಂತ. ನೇಮಣ್ಣ ಏಳಲು ಹೋದ. "ಕುಂದರ್ರಿ ಕುಂದರ್ರಿ. ತ್ಯಾಗಿಗಳು ನೀವು, ನಮ್ಮಂಥವರಿಗೆ ಏಳಬ್ಯಾಡ್ರಿ," ಎಂದ ಪಾಯಪ್ಪ. ಈ ಮಾತು ನೇಮಣ್ಣನಿಗೆ ಹೊಸದಲ್ಲ. ಉಪ್ಪು ಆದಷ್ಟು ಕಡಿಮೆ ಮಾಡಿರಿ ಎಂದಷ್ಟೇ ಡಾಕ್ಟರರು ಹೇಳಿದ್ದು. ಆದರೆ ಕಡಿಮೆ ಎಂಬ ಮಾತು ಅವನ ಮನೆಯಲ್ಲಿ ನಡೆಯುವಂಥದ್ದಲ್ಲ. ಹೊತ್ತು ಮುಳುಗಿದ ಮೇಲೆ ಒಂದು ಕಾಳನ್ನೂ ಬಾಯಿಗೆ ಹಾಕದೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ತಾರಾಬಾಯಿಗೆ ಒಂದು ಪದಾರ್ಥವನ್ನು ತಿನ್ನುವುದು ಗೊತ್ತು, ಬಿಡುವುದು ಗೊತ್ತು, ನಡುವಿನದು ಗೊತ್ತಿಲ್ಲ. ಅವನು ದವಾಖಾನೆಯಿಂದ ಬಂದ ದಿನವೇ ಅವನ ಅಡಿಗೆಯಿಂದ ಉಪ್ಪು ಪೂರ್ತಿ ಹೋಯಿತು. ಅದು ಹೇಗೋ ಬಾಯಿಂದ ಬಾಯಿಗೆ ಬಸದಿ ಮುಟ್ಟಿ, ನೇಮಣ್ಣಾರು ಉಪ್ಪಿನ ತ್ಯಾಗ ಮಾಡ್ಯಾರಂತ ಎಂದಾಯಿತು. ದಶಲಕ್ಷಣ ಪರ್ವದಲ್ಲಿ ಒಂದು ದಿನ ನಾಲ್ಕು ಮಂದಿಯ ಎದುರು ಅವನ ಕೊರಳಿಗೆ ಹಾರ ಬಿತ್ತು. ಆವತ್ತು ಅವನು, ಅದು ನೇಮವಲ್ಲರಿ, ಡಾಕ್ಟರರ ಚೀಟಿ ಎನ್ನಬಹುದಿತ್ತು. ಕೈಮುಗಿದು ಸುಮ್ಮನಿದ್ದ. ಎಂದೂ ಬಸದಿಯ ಹೊಸಿಲು ಸರಿಯಾಗಿ ದಾಟದ ತನ್ನನ್ನು ಹಿರಿಯರು ಹಾಗೆ ನೋಡಿದ್ದು, ನಿಜ ಹೇಳಬೇಕೆಂದರೆ, ಹಿತವಾಗಿಯೇ ಇತ್ತು.

"ನಿಮ್ಮದು ಒಂದು ತೂಕ ಆದ್ರ ತಾರಕ್ಕಂದು ಇನ್ನೊಂದು ತೂಕ," ಎಂದ ಪಾಯಪ್ಪ ಕಟ್ಟೆಯ ತುದಿಗೆ ಕೂರುತ್ತ. "ಗಂಡನ ಸಲುವಾಗಿ ಉಪ್ಪು ಬಿಡೂದಂದ್ರ ಸಣ್ಣ ಮಾತಲ್ಲ. ಮಹಾರಾಜರ ಮುಂದ ಅಕಿ ನೇಮ ತಗೊಂಡಾಗ ನಾ ಅಲ್ಲೇ ಬಾಜೂಕ ಕುಂತಿದ್ದೆ. ನೀವು ಇನ್ನೂ ದವಾಖಾನ್ಯಾಗ ಇದ್ರಿ."

"ಯಾರು, ಇಕೀನ?" ಎಂದ ನೇಮಣ್ಣ.

"ಮತ್ತ್ಯಾರು? ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ, ಗೊತ್ತೈತಿ," ಎಂದುಬಿಟ್ಟ ಅವನು. ಗೊತ್ತಿಲ್ಲವೆಂದರೆ ಅದೊಂದು ಬೇರೆ ಮಾತಾಗುತ್ತಿತ್ತು. ಚಾತುರ್ಮಾಸಕ್ಕೆಂದು ಊರಿಗೆ ಬಂದಿದ್ದ ಮುನಿ ಮಹಾರಾಜರು ದೀಪಾವಳಿ ಕಳೆದ ಮೇಲೆ ವಿಹಾರ ಹೊರಟು ಎರಡು ತಿಂಗಳಾಗಿತ್ತು. ಅದಕ್ಕೂ ಮೂರು ತಿಂಗಳ ಹಿಂದೆಯೇ, ಅವನ ಮೂಗಿಗೆ ನಳಿಗೆ ಹಾಕಿದ್ದಾಗಲೇ, ತಾರಾಬಾಯಿ ಹೋಗಿ ಉಪ್ಪು ಬಿಟ್ಟು ಬಂದಿದ್ದಳು. ಗಂಡ ಸಪ್ಪನೆ ಉಣ್ಣುವಾಗ ತಾನು ಹೇಗೆ ರುಚಿಯಾಗಿ ಉಣ್ಣಲಿ ಎಂದು ಬಿಟ್ಟಿರಬೇಕು ಎಂದುಕೊಂಡ. ಮನೆಯತ್ತ ನಡೆಯುತ್ತ, ಅವಳ ತಟ್ಟೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬಳೆ ನೆನಪಾಯಿತು, ರೊಟ್ಟಿ ಬಡಿಯುವ ಕೈ ನೆನಪಾಯಿತು, ತಟ್ಟೆ ನೆನಪಾಗಲಿಲ್ಲ. ಅವಳು ಉಣ್ಣುವುದು ಅವನು ಉಂಡೆದ್ದ ಮೇಲೆ. ಸಂಜೆ ಹೊತ್ತು ಮುಳುಗುವ ಮುಂಚೆ ಅವಳು ಅಡಿಗೆಮನೆಯಲ್ಲಿ ಉಣ್ಣುತ್ತಿದ್ದರೆ, ಅವನು ಹೊಟ್ಟೆ ಹಗುರ ಇರಲಿ ಎಂಬ ನೆಪದಲ್ಲಿ ಪಡಸಾಲೆಯಲ್ಲಿ ಟಿ.ವಿ. ಮುಂದೆ ಹಾಲು ಕುಡಿದು ಬಾಳೆಹಣ್ಣು ಸುಲಿಯುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಹೆಂಡತಿ ಏನು ಉಣ್ಣುತ್ತಾಳೆಂದು ಒಮ್ಮೆಯೂ ನೋಡಲಿಲ್ಲವೆಂದು ಹೊಳೆದಾಗ ಎದೆ ಧಸಕ್ಕೆಂದೀತು ಎಂದು ನಿಂತು ಕಾದ. ಎದೆ ಡಾಕ್ಟರರು ಹೇಳಿದ ಹಾಗೆ ಸಾವಕಾಶವಾಗಿ ಹೊಡೆದುಕೊಳ್ಳುತ್ತಿತ್ತು. ಬೂಟನ್ನು ಧೂಳಿನಲ್ಲಿ ಎಳೆದಾಡುವುದು ಮಾತ್ರ ಆ ದಿನ ಮರೆತುಹೋಯಿತು.

ಗೇಟಿನಲ್ಲೇ ಸೊಸೆ ಪೂನಮ್ ಕಾದಿದ್ದಳು, ಕೈಯಲ್ಲೊಂದು ಕಾಗದ. "ಮಾವಾರ, ಒಂದ ಮಿನಿಟ್ ಇಲ್ಲೇ ನಿಂದರ್ರಿ. ಒಳಗ ಅತ್ತಿಯವರಿಗೆ ಕೇಳ್ತೈತಿ," ಎಂದು ಸಣ್ಣ ದನಿಯಲ್ಲಿ ಹೇಳತೊಡಗಿದಳು. ಮೊನ್ನೆ ಅರಿವೆ ಒಣಹಾಕಲು ಮಾಳಿಗೆಗೆ ಹೋದ ಅತ್ತೆ ಅಲ್ಲೇ ಕಣ್ಣು ಕತ್ತಲೆಗೂಡಿ ಕುಸಿದು ಕೂತಿದ್ದಳು. ಅದನ್ನು ಮಾವನಿಗೆ ಹೇಳಕೂಡದೆಂದು ಆಣೆ ಹಾಕಿಸಿದ್ದಳು. ನಿನ್ನೆ ಅರಿಹಂತ ಬಲವಂತ ಮಾಡಿ ಡಾಕ್ಟರರ ಬಳಿ ಕರೆದೊಯ್ದು ರಕ್ತ ಕೊಡಿಸಿದ್ದ. ರಿಪೋರ್ಟು ರಾತ್ರಿ ಬಂದಿತ್ತು. "ರಕ್ತದಾಗ ಉಪ್ಪು ಭಾಳ ಕಡಿಮಿ ಆಗೇತಂತ್ರಿ. ಅತ್ತಿಯವರು ತಗೊಳ್ಳೂ ಬಿ.ಪಿ. ಗುಳಗಿ ಬಂದ್ ಮಾಡ್ಯಾರ. ಎರಡು ದಿನದಾಗ ಏರದಿದ್ರ ಅಡ್ಮಿಟ್ ಮಾಡ್ರಿ, ಹಿಂಗಽ ಬಿಟ್ರ ತಲಿಗೆ ಏರಿ ಫಿಟ್ಸ್ ಬರಬಹುದು ಅಂದ್ರು. ಊಟದಾಗ ಉಪ್ಪು ಹಾಕ್ಕೊಳ್ರಿ ಅಂದ್ರ ನೇಮ ಐತಿ ಅಂತಾರ. ಸಲೈನ್ ಹಚ್ಚೂಣು ಅಂದ್ರ ಅದರಾಗೂ ಉಪ್ಪು ಇರ್ತೈತಿ ಅಂತ ಹಚ್ಚಗೊಡೂದಿಲ್ಲಂತ." ಪೂನಮ್ ಕಾಗದ ಮಡಚಿ ಮತ್ತೆ ಬಿಚ್ಚಿದಳು. "ನೀವು ಹೇಳಿದ್ರ ಕೇಳ್ತಾರ ಮಾವಾರ. ನಿಮ್ಮ ಸಲುವಾಗಿ ಬಿಟ್ಟಾರ."

ನೇಮಣ್ಣ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತ. ತಾರಾಬಾಯಿ ಒಲೆಯ ಮುಂದೆ ಸ್ಟೂಲಿನ ಮೇಲೆ ಕುಳಿತು ರೊಟ್ಟಿ ಬೇಯಿಸುತ್ತಿದ್ದಳು. ನಿಂತು ಬೇಯಿಸುವವಳು ಯಾವಾಗಿನಿಂದ ಕುಳಿತು ಬೇಯಿಸುತ್ತಿದ್ದಾಳೋ ಅವನಿಗೆ ತಿಳಿಯದು. ಕತ್ತಿನ ಹಿಂದೆ ಎಲುಬು ಎದ್ದು ಕಾಣುತ್ತಿತ್ತು. ಹೇಳಬೇಕಾದ ಮಾತು ಚಿಕ್ಕದಿತ್ತು. ನಾನು ಉಪ್ಪು ಬಿಟ್ಟೇ ಇಲ್ಲ, ಖಾನಾಪುರದ ಕ್ಯಾಬಿನ್ನಿನಲ್ಲಿ, ಸ್ಟ್ಯಾಂಪ್ ಪ್ಯಾಡಿನ ಪಕ್ಕದಲ್ಲಿ, ಕಾಗದದ ಪೊಟ್ಟಣದಲ್ಲಿ ಉಪ್ಪು ಇಟ್ಟುಕೊಂಡು ನಿನ್ನ ಪಲ್ಯಕ್ಕೆ ಕಲಸಿಕೊಂಡು ಉಣ್ಣುತ್ತಿದ್ದೇನೆ, ರಜೆಯ ದಿನ ನೀನು ನೀರು ತರಲು ಎದ್ದಾಗ ಅಂಗಿಯ ಕಿಸೆಯಿಂದ ತೆಗೆದು ಉದುರಿಸಿಕೊಳ್ಳುತ್ತೇನೆ. ಇಷ್ಟು ಹೇಳಿದರೆ ಅವಳ ನೇಮಕ್ಕೆ ಅರ್ಥವೇ ಉಳಿಯುವುದಿಲ್ಲ, ಉಪ್ಪು ತಿಂದಾಳು, ಬದುಕಿಯಾಳು. ಆದರೆ ಹಾರ ಹಾಕಿಸಿಕೊಂಡ ಕೊರಳನ್ನು ಎಲ್ಲಿ ಅಡಗಿಸುವುದು? ಪೂನಮ್ ಇದ್ದಾಳೆ, ಅರಿಹಂತನಿಗೆ ಗೊತ್ತಾಗುತ್ತದೆ, ನಾಳೆ ಪಾಯಪ್ಪನಿಗೆ. ತಾರಾಬಾಯಿ ತಿರುಗಿ, "ಏನ್ರಿ?" ಎಂದಳು. ಅವನ ಬಾಯಿಂದ ಬಂದದ್ದು, "ಡಬ್ಬಿ ಆತೇನು?"

"ಆಗೇತಿ. ಹೀರಿಕಾಯಿ ಪಲ್ಯ ಮಾಡೀನಿ."

ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು, ತೊಡೆಯ ಮೇಲೆ ಬಿಸಿ ಡಬ್ಬಿ ಇಟ್ಟುಕೊಂಡು ಖಾನಾಪುರದವರೆಗೆ ಅವನು ಅದನ್ನೇ ಯೋಚಿಸಿದ. ಯೋಚಿಸಿದ ಎನ್ನುವುದಕ್ಕಿಂತ, ಆ ಮಾತು ತಲೆಯೊಳಗೆ ಕೂತೇ ಇತ್ತು, ಇವನು ಕಿಟಕಿಯಾಚೆ ನೋಡುತ್ತಿದ್ದ. ಮಲಪ್ರಭೆಯ ಸೇತುವೆ, ಸ್ಟೇಶನ್ನಿನ ಕಡೆ ಓಡುವ ಜನ, ಬಸ್ ಸ್ಟ್ಯಾಂಡಿನ ಕಮಾನು. ಕ್ಯಾಬಿನ್ನಿನ ಕಿಟಕಿಯಲ್ಲಿ ಕೂತು ಮೈಕಿನ ಗುಂಡಿ ಒತ್ತಿ, ಲೋಂಡಾದ ಬಸ್ಸು ಎರಡನೇ ನಂಬರಿನಲ್ಲಿ ನಿಂತಿದೆ ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳಿದ. ಶ್ರಾವಣದ ಆ ದಿನ ಎದೆನೋವು ಬಂದದ್ದೂ ಇವೆರಡರ ನಡುವೆಯೇ. ಕನ್ನಡ ಮುಗಿದಿತ್ತು, ಮರಾಠಿ ಶುರುವಾಗಬೇಕಿತ್ತು, ಅಷ್ಟರಲ್ಲಿ ಎದೆಯ ಮೇಲೆ ಯಾರೋ ಮೊಳಕಾಲು ಊರಿದ ಹಾಗಾಗಿ, ಗುಂಡಿಯ ಮೇಲಿನ ಬೆರಳು ಹಾಗೇ ಉಳಿದು, "ಯವ್ವಾ ಯವ್ವಾ" ಎಂದು ಅವನು ಕೂಗಿದ್ದು ಬಸ್ ಸ್ಟ್ಯಾಂಡಿನ ನಾಲ್ಕೂ ಕಂಬದ ಮೈಕಿನ ಭೋಂಗಾಗಳಲ್ಲಿ ಬಂತು. ಜನ ನಕ್ಕರಂತೆ, ಆಮೇಲೆ ಓಡಿ ಬಂದರಂತೆ. ಈಗಲೂ ಹರೆಯದ ಡ್ರೈವರುಗಳು, "ಸಾಹೇಬ್ರ, ಯವ್ವನ ಊರಿಗೆ ಹೋಗೂ ಬಸ್ಸು ಎಷ್ಟಕ್ಕ ಐತ್ರಿ?" ಎಂದು ಲಾಗ್ ಶೀಟಿಗೆ ಸಹಿ ಹಾಕಿಸಿಕೊಳ್ಳುತ್ತ ಕೇಳುತ್ತಾರೆ. ಅವನು ಅವರ ಜೊತೆಗೇ ನಗುತ್ತಾನೆ. ಅವ್ವ ಸತ್ತು ಹತ್ತೊಂಬತ್ತು ವರ್ಷ. ತಾನು ಸಾಯುವ ಹೊತ್ತಿನಲ್ಲಿ ಅವಳ ಹೆಸರು ಬಂತು, ಅದೇ ದಿನ ಬೆಳಿಗ್ಗೆ ಡಬ್ಬಿ ಕಟ್ಟಿದವಳ ಹೆಸರು ಬರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಒಂದೂವರೆಗೆ ಕ್ಯಾಂಟೀನಿನ ಸಿದರಾಯ ಎಂದಿನಂತೆ ಒಂದು ಲೋಟ ಮಜ್ಜಿಗೆ, ಹರಿದ ಪೇಪರಿನಲ್ಲಿ ಹಿಡಿ ಉಪ್ಪು ತಂದು ಮೇಜಿನ ಮೇಲಿಟ್ಟ. "ಮಿರ್ಚಿ ಬಿಡಾಕತ್ತಾರ, ಎರಡು ತರಲೇನ್ರಿ?"

"ಬ್ಯಾಡ."

"ಯಾಕ್ರಿ ಸಾಹೇಬ್ರ, ಮಾರಿ ಸಣ್ಣಗಾಗೇತಿ? ಅಕ್ಕಾರು ಆರಾಮ ಅದಾರಿಲ್ಲೋ?"

"ಅದಾಳ," ಎಂದ ನೇಮಣ್ಣ. ಸಿದರಾಯ ಹೋದ ಮೇಲೆ ಡಬ್ಬಿ ಬಿಚ್ಚಿದ. ಮೂರು ರೊಟ್ಟಿ, ಹೀರೆಕಾಯಿ ಪಲ್ಯ, ಮೇಲೆ ಹಸಿ ಸೌತೆಕಾಯಿಯ ನಾಲ್ಕು ಬಿಲ್ಲೆ. ಸೌತೆಕಾಯಿ ಹೆಚ್ಚುವಾಗಲೂ ಅವಳಿಗೆ ತಲೆ ತಿರುಗುತ್ತಿತ್ತೋ ಏನೋ. ಇವತ್ತೊಂದು ದಿನವಾದರೂ ಹಾಗೆಯೇ ಉಣ್ಣಬೇಕು ಎಂದುಕೊಂಡು ಒಂದು ತುತ್ತು ಮುರಿದ. ಬಾಯಿಗಿಟ್ಟುಕೊಳ್ಳುವ ಮುಂಚೆಯೇ ಎಡಗೈ ತನ್ನಷ್ಟಕ್ಕೆ ಪೇಪರು ಬಿಚ್ಚಿ ಉಪ್ಪು ಉದುರಿಸಿಬಿಟ್ಟಿತ್ತು. ಅವನು ಕೈಯನ್ನು ನೋಡಿದ, ಬೈಯಲಿಲ್ಲ. ಕಲಸಿದ, ಉಂಡ. ಹೆಂಡತಿ ಉಪ್ಪಿಲ್ಲದೆ ಸಾಯುತ್ತಿದ್ದಾಳೆಂದು ಗೊತ್ತಿದ್ದೂ ಉಪ್ಪು ಕಲಸಿಕೊಂಡು ಉಂಡ, ಮತ್ತು ಊಟ ರುಚಿಯಾಗಿತ್ತು. ಬಟ್ಟಲಿಗೆ ಅಂಟಿದ ಪಲ್ಯವನ್ನೂ ಬೆರಳಿನಿಂದ ಬಳಿದುಕೊಂಡ. ಕಿಟಕಿಯಾಚೆ ಒಬ್ಬ ಮುದುಕಿ, ಬೀಡಿ ಊರಿಗೆ ಹೋಗುವ ಬಸ್ಸು ಬಂತೇನಪ್ಪಾ ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು. ಬಾಯಿ ತುಂಬ ತುತ್ತಿದ್ದುದರಿಂದ ಅವನಿಗೆ ಕೈಯಿಂದಲೇ ತೋರಿಸಬೇಕಾಯಿತು. ಕೈ ತೊಳೆಯುವಾಗ ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಗಲ್ಲ ತುಂಬಿದ, ಬಣ್ಣ ಬಂದ, ಆರೋಗ್ಯವಂತ ಮುಖ ಕಂಡಿತು. ಅಟ್ಯಾಕು ಆದವನು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಆಗ ಅವನಿಗೆ ಆ ಮುಖದ ಬಗ್ಗೆ ಅಸಹ್ಯವಾಯಿತು. ಬಹಳವೇನಲ್ಲ, ಅಂಗಿಗೆ ಕಲೆ ಬಿದ್ದರೆ ಆಗುವಷ್ಟು. ಆದರೂ ಆಯಿತು. ಉಳಿದ ಉಪ್ಪಿನ ಪೊಟ್ಟಣವನ್ನು ನಲ್ಲಿಯ ಕೆಳಗೆ ಹಿಡಿದ, ಮತ್ತು ಚಾರ್ಜನ್ನು ಜೊತೆಗಾರನಿಗೆ ಒಪ್ಪಿಸಿ ನಾಲ್ಕರ ಬಸ್ಸು ಹತ್ತಿದ.

ಮನೆಗೆ ಬಂದಾಗ ಐದೂವರೆ ದಾಟಿತ್ತು. ತಾರಾಬಾಯಿ ಅಡಿಗೆಮನೆಯ ಗೋಡೆಗೆ ಒರಗಿ, ಊಟದ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದಳು. ಪಶ್ಚಿಮದ ಕಿಟಕಿಯಿಂದ ಬಿಸಿಲು ಅವಳ ಕಾಲಿನವರೆಗೂ ಬಂದಿತ್ತು. ಇನ್ನು ಅರ್ಧ ತಾಸಿಗೆ ಹೊತ್ತು ಮುಳುಗುತ್ತದೆ, ಆಮೇಲೆ ನಾಳೆ ಬೆಳಗಿನವರೆಗೂ ಅವಳ ಬಾಯಿಗೆ ನೀರೂ ಇಲ್ಲ. ನೇಮಣ್ಣ ಕೈಕಾಲು ತೊಳೆದು ಬಂದು ಅವಳ ಎದುರಿಗೆ ನೆಲದ ಮೇಲೆ ಕುಳಿತ. ಪೂನಮ್ ಬೆರಗಾಗಿ ನೋಡಿದಳು. ಈ ಹೊತ್ತಿನಲ್ಲಿ ಮಾವ ಅಡಿಗೆಮನೆಗೆ ಬಂದದ್ದನ್ನು ಅವಳು ಕಂಡಿರಲಿಲ್ಲ. ಅವನು ಮೊದಲ ಸಲ ಹೆಂಡತಿಯ ತಟ್ಟೆ ನೋಡಿದ. ಒಂದು ರೊಟ್ಟಿ, ಅದರಲ್ಲಿ ಅರ್ಧ ಹಾಗೇ ಇತ್ತು. ಬೆಳಗಿನ ಹೀರೆಕಾಯಿ ಪಲ್ಯ. ಅಂಚಿನಲ್ಲಿ ಉಪ್ಪು ಬಡಿಸುವ ಜಾಗ ಖಾಲಿ.

"ಪೂನಮ್, ನನಗೂ ತಟ್ಟಿ ಹಾಕವಾ. ಉಪ್ಪಿನ ಬಟ್ಟಲಾ ತಗೊಂಡು ಬಾ."

ಸೊಸೆ ಅತ್ತೆಯ ಮುಖ ನೋಡಿದಳು. ಬಟ್ಟಲು ಬಂತು. ನೇಮಣ್ಣ ಇಬ್ಬರ ಕಣ್ಣೆದುರಿಗೇ ಚಿಟಿಕೆ ಉಪ್ಪು ತೆಗೆದು ಪಲ್ಯಕ್ಕೆ ಹಾಕಿ ಕಲಸಿ, ತುತ್ತು ಬಾಯಿಗಿಟ್ಟುಕೊಂಡ. ಬಸ್ಸಿನಲ್ಲಿ ಪಾಠ ಮಾಡಿಕೊಂಡು ಬಂದಿದ್ದ ಮಾತು ಅಡ್ಡಾದಿಡ್ಡಿಯಾಗಿ ಹೊರಬಂತು. "ತಾರಾ, ನಾ ಉಪ್ಪು ಬಿಟ್ಟಿಲ್ಲ. ಐದು ತಿಂಗಳಿಂದ ಖಾನಾಪುರದಾಗ ಹಾಕ್ಕೊಂಡಽ ಉಣ್ಣಾಕತ್ತೀನಿ. ಮಿರ್ಚಿ ಭಜಿನೂ ತಿಂದೀನಿ. ವಾಕಿಂಗೂ ಖರೇ ಅಲ್ಲ, ಬಸದಿ ಕಟ್ಟಿ ಮ್ಯಾಲ ಕುಂತು ಬರ್ತೀನಿ. ನಂದಽ ಇಲ್ಲಂದ ಮ್ಯಾಲ ನಿಂದು ಎಲ್ಲೀದು? ನೀ ಇನ್ನ ಉಪ್ಪು ಉಣ್ಣು. ಪಾಪ ಬಂದ್ರ ನನಗ ಬರಲಿ."

ಅವಳು ಅತ್ತಾಳು, ಇಲ್ಲವೇ ತಟ್ಟೆ ಸರಿಸಿ ಎದ್ದಾಳು ಎಂದು ಅವನು ಕಾದ. ತಾರಾಬಾಯಿ ರೊಟ್ಟಿಯ ಚೂರೊಂದನ್ನು ಮುರಿದು ಬೆರಳಿನಲ್ಲೇ ಹಿಡಿದುಕೊಂಡಳು.

"ಗೊತ್ತೈತಿ," ಎಂದಳು.

"ಏನು ಗೊತ್ತೈತಿ? ಯಾರು ಹೇಳಿದ್ರು?"

"ಯಾರು ಹೇಳಬೇಕ್ರಿ? ಸಪ್ಪ ಉಣ್ಣಾವರು ದಿನಾ ಡಬ್ಬಿ ಖಾಲಿ ಮಾಡ್ಕೊಂಡು ತರೂದಿಲ್ಲ. ನಾ ಉಣ್ಣಾಕತ್ತೀನಲ್ಲ, ನನಗ ಗೊತ್ತಾಗೂದಿಲ್ಲೇನು? ಮೊದಲನೇ ವಾರ ನನಗ ತಟ್ಟಿ ಮುಂದ ಕುಂತ್ರ ಅಳು ಬರತಿತ್ತು. ನೀವು ಒಂದು ದಿನರೆ ಮಾರಿ ಕಿವಿಚಿದ್ರೇನು? ಒಂದು ದಿನರೆ ಬೈದ್ರೇನು? ಚಲೋ ಆಗಿತ್ತು ಅಂದ್ರಿ."

"ಗೊತ್ತಿದ್ದೂ ಯಾಕ ಹಿಡಕೊಂಡು ಕುಂತಿ? ನಾ ಬಿಟ್ಟೀನಂತ ಹೌದಲ್ಲೋ ನೀ ಬಿಟ್ಟಿದ್ದು?"

"ಅಲ್ರಿ," ಎಂದಳು ತಾರಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀವು ಬಿಡಾವರಲ್ಲಂತ ಗೊತ್ತಿತ್ತು. ಅದಕ್ಕಽ ನಾ ಬಿಟ್ಟೆ. ನೀವು ದವಾಖಾನ್ಯಾಗ ಮಲಗಿದ್ರಿ. ಮಹಾರಾಜರ ಹತ್ರ ಹೋಗಿ, ಗಂಡನ ಪಾಲಿನ ನೇಮ ನಾ ಮಾಡ್ತೀನ್ರಿ ಅಂದೆ. ಗಂಡ ತಾನಽ ತಗೊಳ್ಳೂತನಕ ನೀ ಮಾಡವಾ, ಅಂವಾ ತಗೊಂಡ ದಿನ ನಿಂದು ಮುಗೀತು ಅಂದ್ರು ಮಹಾರಾಜರು."

"ಹಂಗಿದ್ರ ನನಗ ಹೇಳಬೇಕಿಲ್ಲೇನು?"

"ಹೇಳಿ ಮಾಡಿಸಿದ್ದು ನೇಮ ಆಗೂದಿಲ್ಲ."

ನೇಮಣ್ಣನಿಗೆ ಸಿಟ್ಟು ಬಂತು. ಐದು ತಿಂಗಳಲ್ಲಿ ಮೊದಲ ಬಾರಿಗೆ ಬಂದದ್ದು ಅದೇ, ಕಿವಿಯ ತುದಿಯವರೆಗೂ ಬಿಸಿಯಾಗಿ ಬಂತು. ತಾನು ತಪ್ಪುವ ಮೊದಲೇ ತಪ್ಪುತ್ತಾನೆಂದು ತಿಳಿದಿದ್ದಳು. ಒಂದು ಚಿಟಿಕೆ ಉಪ್ಪು ಬಿಡುವ ಯೋಗ್ಯತೆಯೂ ಈ ಗಂಡಸಿಗಿಲ್ಲವೆಂದು, ಅವನು ಕಣ್ಣು ಬಿಡುವ ಮೊದಲೇ ಹೋಗಿ ಅವನ ಭಾರವನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಬೈಯಬೇಕೆಂದು ಬಾಯಿ ತೆರೆದ. ಸುಳ್ಳು ಹೇಳುತ್ತೀ ಎನ್ನುವಂತಿರಲಿಲ್ಲ. ಸಿಟ್ಟು ನಿಂತಲ್ಲೇ ಕರಗಿ, ಅದರ ಕೆಳಗಿದ್ದ ನಾಚಿಕೆ ಮೇಲೆ ಬಂದು, ಸೊಸೆಯ ಎದುರಿಗೆ ಅವನ ಕಣ್ಣು ತುಂಬಿತು. ಪೂನಮ್ ಒಲೆಯ ಕಡೆ ತಿರುಗಿ ನಿಂತಳು. ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತ್ತು. ತಾರಾಬಾಯಿಯ ಕೈಯಲ್ಲಿನ ರೊಟ್ಟಿಯ ಚೂರು ಇನ್ನೂ ಬಾಯಿಗೆ ಹೋಗಿರಲಿಲ್ಲ.

"ನಾ ತಗೋತೀನಿ," ಎಂದ ನೇಮಣ್ಣ.

"ತಗೋತೀನಿ ಅಂದ್ರ ಆತೇನ್ರಿ? ನಾಳಿ ಮತ್ತ ಖಾನಾಪುರ ಐತಿ. ನಾ ನಿಮ್ಮ ಹಿಂದ ಬರಾಕ ಆಗ್ತೈತೇನು?"

ನೇಮಣ್ಣ ಉಪ್ಪು ಕಲಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಪೂನಮ್, ಬ್ಯಾರೆ ತಟ್ಟಿ ಕೊಡವಾ," ಎಂದ. ತಟ್ಟೆ ಬಂತು. ಬಾಯಿ ಮುಕ್ಕಳಿಸಿ ಬಂದು ಕೂತು ಕೈಮುಗಿದ. ಹುಡುಗನಾಗಿದ್ದಾಗ ಬಾಯಿಪಾಠವಿದ್ದ ಣಮೋಕಾರ ಮಂತ್ರ ಮೂರನೆಯ ಸಾಲಿಗೆ ತಪ್ಪಿತು. ತಾರಾಬಾಯಿ ತುಟಿಯಲ್ಲೇ ಅದನ್ನು ಎತ್ತಿಕೊಟ್ಟಳು, ಅವನು ಮುಂದುವರಿಸಿದ. "ಇವತ್ತಿನಿಂದ ಉಪ್ಪು ಬಿಟ್ಟೆ," ಎಂದಷ್ಟೇ ಹೇಳಿದ. ನೇಮ ತೆಗೆದುಕೊಳ್ಳುವಾಗ ಇನ್ನೇನು ಹೇಳುತ್ತಾರೋ ಅವನಿಗೆ ಗೊತ್ತಿರಲಿಲ್ಲ. ಹೇಳಿದ ಮೇಲೂ ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಸಂತೆಯಲ್ಲಿ ತಕ್ಕಡಿಯ ಮುಳ್ಳು ನೋಡುವ ಹಾಗೆ. ನಂಬಿಕೆ ಬಂದ ಕಣ್ಣಾಗಿರಲಿಲ್ಲ ಅದು. ಹೊರಗೆ ಓಣಿಯಲ್ಲಿ ಯಾರದೋ ಸ್ಕೂಟರು ಬಂದು ನಿಂತಿತು.

"ಉಣ್ರಿ," ಎಂದಳು.

ಅವನು ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡ. ಹೀರೆಕಾಯಿ ಹಲ್ಲಿಗೆ ಸಿಕ್ಕಿತು, ಖಾರ ಸಿಕ್ಕಿತು, ಶೇಂಗಾಪುಡಿಯೂ ಸಿಕ್ಕಿತು. ಆದರೆ ಯಾವುದೂ ಯಾವುದಕ್ಕೂ ಸೇರದೆ, ತುತ್ತು ನಾಲಿಗೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತು. ಅಗಿದಷ್ಟೂ ದೊಡ್ಡದಾಯಿತು. ಗಂಟಲು ಒಲ್ಲೆನೆಂದಿತು. ಅವನಿಗೆ ಅರಿವಾಗುವ ಮೊದಲೇ ಮುಖ ಕಿವುಚಿಕೊಂಡಿತ್ತು. ಇದನ್ನೇ ಅವಳು ದಿನಕ್ಕೆ ಎರಡು ಹೊತ್ತು, ಐದು ತಿಂಗಳು, ತಾನು ಪಡಸಾಲೆಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದಾಗ, ಒಬ್ಬಳೇ ಕೂತು ನುಂಗಿದ್ದಳು. ನೀರು ಕುಡಿದು ತುತ್ತನ್ನು ಇಳಿಸಿದ.

"ಹೆಂಗೈತಿ?" ಎಂದಳು ತಾರಾಬಾಯಿ.

ಚಲೋ ಐತಿ ಎಂಬ ಮಾತು ರೂಢಿಯ ಮೇಲೆ ತುಟಿಯವರೆಗೆ ಬಂದಿತ್ತು. ನೇಮಣ್ಣ ಅದನ್ನು ಅಲ್ಲೇ ತಡೆದ.

"ಸಪ್ಪ ಐತಿ," ಎಂದ. "ನುಂಗಾಕ ಆಗವಲ್ದು."

ತಾರಾಬಾಯಿ ಕಿಟಕಿಯ ಕಡೆ ತಿರುಗಿ ಹೊತ್ತು ಎಷ್ಟಿದೆಯೆಂದು ನೋಡಿ, ಕೈ ಚಾಚಿ, ಉಪ್ಪಿನ ಬಟ್ಟಲನ್ನು ತನ್ನ ತಟ್ಟೆಯ ಹತ್ತಿರಕ್ಕೆ ಎಳೆದುಕೊಂಡಳು.